ಕೆಂಪು ಸೊನೆ: ಎಲ್ಲಿ ಹಚ್ಚಬೇಕು, ಎಲ್ಲಿ ಹಚ್ಚಲೇಬಾರದು

ಸಾಂಗ್ರೆ ದೆ ದ್ರಾಗೊ ಅಮೆಜಾನ್ ಕಡೆಯ ಒಂದು ಮರದ ಕೆಂಪು ಸೊನೆ. ಅದರ ಒಂದು ಹನಿಯನ್ನು ಮುಂಗೈ ಮೇಲೆ ಬಿಟ್ಟರೆ ಅದು ಥೇಟ್ ರಕ್ತದ ಹಾಗೇ ಕಾಣುತ್ತದೆ. ಕಡುಗೆಂಪು ಬಣ್ಣ, ಅಂಚಿನಲ್ಲಿ ತುಸು ಕಂದು. ಬೆರಳ ತುದಿಯಿಂದ ತಿಕ್ಕುತ್ತಾ ಹೋದರೆ ಅರ್ಧ ನಿಮಿಷದ ಆಸುಪಾಸಿನಲ್ಲಿ ಬಣ್ಣ ತಿರುಗುತ್ತದೆ. ಕೆಂಪು ಮಾಸಿ ನಸುಗುಲಾಬಿ ನೊರೆ ಏಳುತ್ತದೆ, ನೊರೆ ಮುಲಾಮಿನಷ್ಟು ಮಂದವಾಗುತ್ತದೆ, ಇನ್ನೊಂದೆರಡು ನಿಮಿಷಕ್ಕೆ ಒಣಗಿ ಚರ್ಮವನ್ನು ಕಚ್ಚಿಕೊಳ್ಳುತ್ತದೆ. ಮುಷ್ಟಿ ಕಟ್ಟಿ ನೋಡಿ, ಆ ಜಾಗ ಬಿಗಿದಂತೆ ಅನಿಸುತ್ತದೆ. ಈ ಸೊನೆಯ ಗುಣದಲ್ಲಿ ದೊಡ್ಡ ಪಾಲು ಆ ಬಿಗಿತದ್ದು. ಅಪಾಯದಲ್ಲೂ ದೊಡ್ಡ ಪಾಲು ಅದರದ್ದೇ. ಚಿಕ್ಕ, ಚೊಕ್ಕ ಗಾಯದ ಮೇಲೆ ಅದು ಒಳ್ಳೆಯ ಹೊದಿಕೆ. ಕೊಳೆ ಉಳಿದ ಗಾಯದ ಮೇಲೆ ಅದೇ ಹೊದಿಕೆ ಕೊಳೆಯನ್ನು ಒಳಗೇ ಮುಚ್ಚಿಡುವ ಮುಚ್ಚಳವಾಗುತ್ತದೆ. ಮುಂದೆ ಹೇಳುವ ಹೆಚ್ಚಿನ ಎಚ್ಚರಿಕೆಗಳು ಈ ಒಂದೇ ಮಾತಿನಿಂದ ಹುಟ್ಟಿದವು.

ಯಾವ ಮರ, ಯಾವುದಲ್ಲ

ಮರದ ಹೆಸರು ಕ್ರೋಟನ್ ಲೆಕ್ಲೆರಿ. ಹರಳು, ಮರಗೆಣಸು, ರಬ್ಬರ್ ಸೇರಿದ ಯೂಫೋರ್ಬಿಯೇಸಿ ಕುಟುಂಬದ್ದು. ಆಂಡೀಸ್ ಪರ್ವತದ ಪೂರ್ವದ ಇಳಿಜಾರು ಅಮೆಜಾನ್ ಬಯಲಿಗೆ ಇಳಿಯುವ ಕಡೆ, ಅಂದರೆ ಪೆರು, ಎಕ್ವಡೋರ್, ಕೊಲಂಬಿಯಾ, ಬೊಲಿವಿಯಾ ದೇಶಗಳ ತಗ್ಗು ಕಾಡುಗಳಲ್ಲಿ ಬೆಳೆಯುತ್ತದೆ. ನದಿಯ ದಂಡೆ, ಮರ ಬಿದ್ದು ಬಿಸಿಲು ಇಳಿದ ಜಾಗ, ಬಿಟ್ಟ ಹೊಲ ಇವೆಲ್ಲ ಅದಕ್ಕೆ ಪ್ರಿಯ. ಬೇಗ ಬೆಳೆದು ಹತ್ತರಿಂದ ಇಪ್ಪತ್ತು ಮೀಟರ್ ಎತ್ತರಕ್ಕೆ ಹೋಗುವ ಈ ಮರದ ತೊಗಟೆ ಬೂದುಬಿಳುಪು, ಎಲೆ ಹೃದಯದಾಕಾರ. ತೊಗಟೆಗೆ ಮಚ್ಚು ತಾಗಿದ ಕೂಡಲೇ ಕೆಂಪು ಸೊನೆ ಜಿನುಗುತ್ತದೆ. ಎಕ್ವಡೋರ್‌ನಲ್ಲಿ ಇದನ್ನು ಸಾಂಗ್ರೆ ದೆ ದ್ರಾಗೊ ಎನ್ನುತ್ತಾರೆ, ಪೆರುವಿನಲ್ಲಿ ಸಾಂಗ್ರೆ ದೆ ಗ್ರಾದೊ. ಅಲ್ಲಿನ ಮೂಲನಿವಾಸಿಗಳು ಗಾಯಕ್ಕೆ, ಕೀಟ ಕಡಿತಕ್ಕೆ, ಬಾಯಿಹುಣ್ಣಿಗೆ, ಭೇದಿಗೆ ಇದನ್ನು ತಲೆಮಾರುಗಳಿಂದ ಬಳಸುತ್ತ ಬಂದಿದ್ದಾರೆ. ಹದಿನೇಳನೆಯ ಶತಮಾನದಲ್ಲೇ ಸ್ಪೇನಿನ ಪಾದ್ರಿ ಬೆರ್ನಾಬೆ ಕೋಬೊ ಇದರ ಗುಣವನ್ನು ಬರೆದಿಟ್ಟಿದ್ದಾನೆ.

ಹೆಸರಿನ ಗೊಂದಲವೇ ಮೊದಲ ಅಪಾಯ. ಸಾಂಗ್ರೆ ದೆ ದ್ರಾಗೊ ಎಂದರೆ ಸ್ಪ್ಯಾನಿಷ್ ಭಾಷೆಯಲ್ಲಿ ಡ್ರ್ಯಾಗನ್ನಿನ ರಕ್ತ, ಇಂಗ್ಲಿಷಿನಲ್ಲಿ ಡ್ರ್ಯಾಗನ್ಸ್ ಬ್ಲಡ್. ಡ್ರ್ಯಾಗನ್ಸ್ ಬ್ಲಡ್ ಎಂಬ ಹೆಸರಿನಲ್ಲಿ ಮಾರಾಟವಾಗುವ ವಸ್ತುಗಳು ಹಲವಾರು. ಯೆಮೆನ್ನಿನ ಸೊಕೋತ್ರಾ ದ್ವೀಪದ ಡ್ರಸೀನಾ ಸಿನ್ನಬಾರಿ, ಕೆನರಿ ದ್ವೀಪಗಳ ಡ್ರಸೀನಾ ಡ್ರಾಕೊ, ಇಂಡೋನೇಷ್ಯಾದ ಡೀಮೊನೊರಾಪ್ಸ್ ಎಂಬ ಬೆತ್ತದ ಕಾಯಿ, ಇವೆಲ್ಲ ಕೊಡುವುದು ಗಟ್ಟಿ ರಾಳ. ಧೂಪಕ್ಕೆ, ವಾರ್ನಿಷ್‌ಗೆ, ಬಣ್ಣಕ್ಕೆ ಹೋಗುವ ಸರಕದು. ಅವುಗಳ ರಸಾಯನವೇ ಬೇರೆ, ಕ್ರೋಟನ್ ಸೊನೆಯ ಬಗ್ಗೆ ಇಲ್ಲಿ ಹೇಳುವ ಒಂದು ಮಾತೂ ಅವಕ್ಕೆ ಹೊಂದುವುದಿಲ್ಲ. ತುಂಡು, ಪುಡಿ, ಹರಳಿನ ರೂಪದಲ್ಲಿ ಬಂದದ್ದನ್ನು ನೀರಿನಲ್ಲಿ ಕಲಸಿ ಗಾಯಕ್ಕೆ ಹಚ್ಚಬೇಡಿ. ನಮಗೆ ಬೇಕಾದದ್ದು ದ್ರವ.

ಎರಡನೆಯ ಗೊಂದಲ ಇನ್ನೂ ಗಂಭೀರ. ಕ್ರೋಟನ್ ಎಂಬ ಕುಲನಾಮ ಹಂಚಿಕೊಂಡ ಇನ್ನೊಂದು ಗಿಡ ಜಾಪಾಳ, ಕ್ರೋಟನ್ ಟಿಗ್ಲಿಯಂ. ಅದರ ಬೀಜದ ಎಣ್ಣೆ ಕರುಳನ್ನೇ ಹಿಂಡುವಷ್ಟು ತೀವ್ರ ಭೇದಿ ಹುಟ್ಟಿಸುತ್ತದೆ, ಚರ್ಮಕ್ಕೆ ತಾಗಿದರೆ ಗುಳ್ಳೆ ಎಬ್ಬಿಸುತ್ತದೆ. ಒಂದು ಭೇದಿ ತಡೆಯಲು ಬಳಸುವುದು, ಇನ್ನೊಂದು ಭೇದಿ ಮಾಡಿಸುವುದು. ಲೇಬಲ್ ಮೇಲೆ ಬರೀ "ಕ್ರೋಟನ್" ಎಂದಿದ್ದರೆ ಆ ಬಾಟಲಿಯನ್ನು ಮುಟ್ಟಬೇಡಿ. ಅಂಗಳದಲ್ಲಿ ಅಂದಕ್ಕೆ ಬೆಳೆಸುವ, ಬಣ್ಣಬಣ್ಣದ ಎಲೆಯ ಕ್ರೋಟನ್ ಗಿಡವಂತೂ ಬೇರೆ ಕುಲಕ್ಕೇ ಸೇರಿದ್ದು. ಅದರ ಸೊನೆ ಚರ್ಮ ಕೆರಳಿಸುತ್ತದೆ, ಔಷಧವಲ್ಲ.

ಒಗರಿನ ಕೆಲಸ

ಸೊನೆಯನ್ನು ಒಣಗಿಸಿ ತೂಗಿದರೆ ಅದರಲ್ಲಿ ಶೇಕಡಾ 90ರವರೆಗೆ ಪ್ರೊಆಂಥೊಸಯಾನಿಡಿನ್ ಎಂಬ ಪಾಲಿಫಿನಾಲ್‌ಗಳೇ ಇರುತ್ತವೆ. ಸರಳವಾಗಿ ಹೇಳುವುದಾದರೆ ಟ್ಯಾನಿನ್. ಬಾಳೆಕಾಯಿ ಕಚ್ಚಿದಾಗ ನಾಲಿಗೆ ಹಿಡಿದುಕೊಳ್ಳುವ ಒಗರು ಇದೇ ಜಾತಿಯದು. ಟ್ಯಾನಿನ್ ಪ್ರೋಟೀನನ್ನು ಕಂಡರೆ ಹಿಡಿದು ಗಂಟು ಹಾಕುತ್ತದೆ. ಗಾಯದಲ್ಲಿ ಒಸರುವ ರಸದ, ರಕ್ತದ ಪ್ರೋಟೀನನ್ನು ಹಾಗೆ ಹಿಡಿದಾಗ ಮೇಲೊಂದು ಪದರ ಕಟ್ಟಿ, ಒಸರುವುದು ನಿಲ್ಲುತ್ತದೆ.

ಉಳಿದ ಪಾಲಿನಲ್ಲಿ ಎರಡು ಹೆಸರುಗಳು ಮುಖ್ಯ. ಒಂದು ಟ್ಯಾಸ್ಪೈನ್ ಎಂಬ ಆಲ್ಕಲಾಯ್ಡ್. ಗಾಯ ಮಾಯಿಸುವ ಅಂಶ ಇದೇ ಎಂದು ಪೆರುವಿನ ಸಂಶೋಧಕರು 1989ರಲ್ಲಿ ಪ್ರಕಟಿಸಿದರು. ಇನ್ನೊಂದು ಡೈಮೀಥೈಲ್‌ಸೆಡ್ರೂಸಿನ್ ಎಂಬ ಲಿಗ್ನಾನ್. ಆಮೇಲೆ ಬೆಲ್ಜಿಯಂನಲ್ಲಿ ಇಲಿಗಳ ಗಾಯದ ಮೇಲೆ ಬಿಡಿ ಅಂಶಗಳನ್ನೂ ಇಡೀ ಸೊನೆಯನ್ನೂ ಹೋಲಿಸಿದಾಗ ಇಡೀ ಸೊನೆಯೇ ಮುಂದಿತ್ತು, ಹಕ್ಕಳೆ ಕಟ್ಟುವುದರಲ್ಲಿ ಪಾಲಿಫಿನಾಲ್‌ಗಳ ಪಾತ್ರ ದೊಡ್ಡದು ಎಂದು ಕಂಡಿತು. ಇವೆಲ್ಲ ಇಲಿಯ ಮೇಲಿನ, ಗಾಜಿನ ತಟ್ಟೆಯಲ್ಲಿನ ಜೀವಕೋಶಗಳ ಮೇಲಿನ ಫಲಿತಾಂಶ ಎಂಬುದನ್ನು ಮರೆಯಬಾರದು. ಮನುಷ್ಯರ ಗಾಯದ ಮೇಲಿನ ಪುರಾವೆ ತೆಳು. "ಹತ್ತು ಪಟ್ಟು ಬೇಗ ಮಾಯುತ್ತದೆ" ಎಂಬಂಥ ಜಾಹೀರಾತಿನ ಮಾತನ್ನು ಹಾಗಾಗಿ ನಂಬಬೇಡಿ.

ಬಾಟಲಿ ಕೈಗೆ ಬಂದಾಗ

ಲೇಬಲ್ ಮೇಲೆ ಪೂರ್ತಿ ಸಸ್ಯನಾಮ, ತಯಾರಿಕೆಯ ಬ್ಯಾಚ್ ಸಂಖ್ಯೆ, ಅವಧಿ ಮುಗಿಯುವ ದಿನಾಂಕ, ಮೂಲ ದೇಶ ಇರಬೇಕು. ಇನ್ನೂ ಮುಖ್ಯವಾದದ್ದು, ಅದು ಶುದ್ಧ ಸೊನೆಯೋ, ಆಲ್ಕೊಹಾಲ್ ಬೆರೆಸಿದ್ದೋ, ಗ್ಲಿಸರಿನ್ ಬೆರೆಸಿದ್ದೋ ಎಂಬ ಮಾಹಿತಿ. ಆಲ್ಕೊಹಾಲ್ ಇದ್ದರೆ ತೆರೆದ ಗಾಯಕ್ಕೆ ಹಚ್ಚಿದಾಗ ಉರಿ ಹೆಚ್ಚು, ಬಾಯಿಹುಣ್ಣಿಗೆ ಅದು ಬೇಡವೇ ಬೇಡ. ಗ್ಲಿಸರಿನ್ ಇದ್ದರೆ ಸರಿಯಾಗಿ ಒಣಗದೆ ಅಂಟುಅಂಟಾಗಿ ಉಳಿಯುತ್ತದೆ, ಪದರ ಕಟ್ಟುವುದಿಲ್ಲ.

ಮೊದಲ ಬಾರಿ ತೆರೆದಾಗ ಒಂದು ಹನಿಯನ್ನು ಬಿಳಿ ತಟ್ಟೆಯ ಮೇಲೆ ಬಿಟ್ಟು ಓರೆ ಮಾಡಿ. ಒಳ್ಳೆಯ ಸೊನೆ ನೀರಿಗಿಂತ ತುಸು ಮಂದವಾಗಿ ಹರಿಯುತ್ತದೆ. ತೆಳುವಾದ ಜಾಗದಲ್ಲಿ ಬೆಳಕು ಹಾದು ದ್ರಾಕ್ಷಾರಸದ ಕೆಂಪು ಕಾಣುತ್ತದೆ. ಆಮೇಲೆ ಮೊದಲು ಹೇಳಿದಂತೆ ತಿಕ್ಕಿ ನೋಡಿ. ನೊರೆ ಬಾರದೆ ಕೆಂಪಾಗಿಯೇ ಹರಿದಾಡಿದರೆ ನೀರು ಹೆಚ್ಚು ಬೆರೆತಿದೆ, ಇಲ್ಲವೇ ಬರೀ ಬಣ್ಣದ ನೀರು. ನೊರೆ ಬಂದ ಮಾತ್ರಕ್ಕೆ ಶುದ್ಧ ಎಂದು ತೀರ್ಮಾನಿಸುವಂತೆಯೂ ಇಲ್ಲ. ಅದೇ ಕಾಡಿನಲ್ಲಿ ಕೆಂಪು ಸೊನೆಯ ಬೇರೆ ಕ್ರೋಟನ್ ಜಾತಿಗಳೂ ಇವೆ, ಅವನ್ನೂ ಇದೇ ಹೆಸರಿನಲ್ಲಿ ಸೇರಿಸಿ ಮಾರುವುದುಂಟು. ತಿಕ್ಕುವ ಪರೀಕ್ಷೆ ಕೆಟ್ಟದ್ದನ್ನು ಹೊರಹಾಕಲು ನೆರವಾಗುತ್ತದೆ, ಒಳ್ಳೆಯದಕ್ಕೆ ಪ್ರಮಾಣಪತ್ರ ಕೊಡುವುದಿಲ್ಲ.

ಸೊನೆ ಎಲ್ಲಿಂದ ಬಂತು ಎಂದೂ ಕೇಳಿ. ನಿಂತ ಮರಕ್ಕೆ ಓರೆಯಾಗಿ ಗೀರು ಹಾಕಿ, ಬೆಳಗಿನ ಹೊತ್ತು ಇಳಿಸುವುದು ಒಂದು ಕ್ರಮ. ಹಾಗೆ ಸಿಗುವುದು ಕೊಂಚ, ಗೀರಿನ ಮೂಲಕ ಹುಳು, ಶಿಲೀಂಧ್ರ ಸೇರಿ ಮರ ಸೊರಗುವುದೂ ಇದೆ. ಅದಕ್ಕೇ ಬಹಳ ಕಡೆ ಮರವನ್ನು ಉರುಳಿಸಿ, ಕಾಂಡದುದ್ದಕ್ಕೂ ಬಳೆಯಂತೆ ಗೀರು ಹಾಕಿ, ಸೊನೆಯನ್ನೆಲ್ಲ ಒಮ್ಮೆಗೇ ಬಸಿದುಕೊಳ್ಳುತ್ತಾರೆ. ಬೇಗ ಬೆಳೆಯುವ ಮರವಾದ್ದರಿಂದ ಬಿದ್ದದ್ದಕ್ಕೆ ಬದಲು ಸಸಿ ನೆಟ್ಟರೆ ಇದರಲ್ಲಿ ತಪ್ಪೇನಿಲ್ಲ. ನೆಡದೆ ಕಾಡಿನಿಂದ ಬರೀ ಕಡಿದು ತಂದರೆ ಆ ಮರವನ್ನೇ ನಂಬಿದ ಊರುಗಳಿಗೆ ಸೊನೆ ಇಲ್ಲವಾಗುತ್ತದೆ. ನೆಟ್ಟು ಬೆಳೆಸಿದ ಮರದ ಸೊನೆಗೇ ನಮ್ಮ ಮತ.

ಮೊದಲು ಒಳತೋಳಿನ ಮೇಲೆ

ಗಾಯವಾದ ದಿನವೇ ಮೊದಲ ಬಾರಿ ಬಾಟಲಿ ತೆರೆಯಬಾರದು. ಚರ್ಮ ಚೆನ್ನಾಗಿರುವಾಗಲೇ ಪರೀಕ್ಷೆ ಮಾಡಿಟ್ಟುಕೊಳ್ಳಿ. ಮೊಣಕೈ ಒಳಮಡಿಕೆಯಿಂದ ನಾಲ್ಕು ಬೆರಳು ಕೆಳಗೆ, ಒಂದು ಹನಿಯನ್ನು ನಾಣ್ಯದಷ್ಟಗಲಕ್ಕೆ ಹಚ್ಚಿ ಒಣಗಲು ಬಿಡಿ. 24 ಗಂಟೆಯಾದಾಗ ಒಮ್ಮೆ, 48 ಗಂಟೆಯಾದಾಗ ಇನ್ನೊಮ್ಮೆ ನೋಡಿ. ಒಣಗಿದ ಪದರವೇ ಕಂದುಗೆಂಪಾಗಿರುವುದರಿಂದ ಅಡಿಯಲ್ಲಿ ಚರ್ಮ ಕೆಂಪಾಗಿದೆಯೇ ಎಂದು ಹಾಗೇ ತಿಳಿಯುವುದಿಲ್ಲ. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ ತೆಗೆದೇ ನೋಡಬೇಕು. ಕೆಂಪು, ದದ್ದು, ಗುಳ್ಳೆ, ನವೆ ಇದ್ದರೆ ಈ ಸೊನೆ ನಿಮಗೆ ಹಿಡಿಸದು, ಅಲ್ಲಿಗೆ ಬಿಟ್ಟುಬಿಡಿ. ಬರೀ ಬಿಗಿದಂತಾಗುವುದು ಅಲರ್ಜಿಯಲ್ಲ, ಅದು ಒಗರಿನ ಸಹಜ ಗುಣ.

ಚಿಕ್ಕ ಗಾಯಕ್ಕೆ ಹಚ್ಚುವ ಕ್ರಮ

ಇಲ್ಲಿ ಚಿಕ್ಕ ಗಾಯವೆಂದರೆ ತರಚಿದ್ದು, ಕಾಗದದ ಅಂಚು ಕೊಯ್ದದ್ದು, ಮುಳ್ಳು ಗೀರಿದ್ದು, ಚಾಕು ಮೇಲ್ಪದರಕ್ಕಷ್ಟೇ ತಾಗಿದ್ದು. ಅಂಚುಗಳು ಬಾಯಿ ಬಿಟ್ಟಿರಬಾರದು, ಒಳಗೆ ಹಳದಿ ಕೊಬ್ಬು ಕಾಣಬಾರದು, ಒತ್ತಿ ಹಿಡಿದರೆ ಹತ್ತು ನಿಮಿಷದೊಳಗೆ ರಕ್ತ ನಿಲ್ಲಬೇಕು.

ಕೈಯನ್ನು ಸೋಪಿನಿಂದ ತೊಳೆದುಕೊಳ್ಳಿ. ಗಾಯವನ್ನು ಹರಿಯುವ ಶುದ್ಧ ನೀರಿನ ಕೆಳಗೆ ಐದು ನಿಮಿಷ ಹಿಡಿಯಿರಿ. ಈ ಐದು ನಿಮಿಷಕ್ಕೆ ಬದಲಿಲ್ಲ. ಸೊನೆಗೆ ಸೂಕ್ಷ್ಮಾಣು ತಡೆಯುವ ಗುಣವಿದೆ ಎಂದು ಓದಿದವರು ತೊಳೆಯುವುದನ್ನು ಅರ್ಧಕ್ಕೇ ಬಿಟ್ಟುಬಿಡುತ್ತಾರೆ. ಪ್ರಯೋಗಾಲಯದ ತಟ್ಟೆಯಲ್ಲಿ ಬ್ಯಾಕ್ಟೀರಿಯಾ ಸತ್ತ ಮಾತ್ರಕ್ಕೆ ಮೊಣಕಾಲಿನ ಮಣ್ಣೊಳಗಿನದು ಸಾಯುವುದಿಲ್ಲ. ಮರಳಿನ ಒಂದು ಕಣ ಉಳಿದರೂ ಪದರ ಅದರ ಮೇಲೇ ಕೂರುತ್ತದೆ. ಬೆಳಕಿಗೆ ಹಿಡಿದು ನೋಡಿ, ಕಣಗಳಿದ್ದರೆ ಶುದ್ಧ ಗಾಜ್ ಬಟ್ಟೆಯಿಂದ ಒರೆಸಿ ತೆಗೆಯಿರಿ.

ರಕ್ತ ನಿಲ್ಲುವವರೆಗೆ ಶುದ್ಧ ಬಟ್ಟೆಯಿಂದ ಒತ್ತಿ ಹಿಡಿಯಿರಿ. ನಡುನಡುವೆ ಎತ್ತಿ ನೋಡಿದರೆ ಆಗಷ್ಟೇ ಕಟ್ಟುತ್ತಿದ್ದ ಹೆಪ್ಪು ಕಿತ್ತುಬರುತ್ತದೆ. ಹರಿಯುತ್ತಿರುವ ರಕ್ತದ ಮೇಲೆ ಸೊನೆ ಬಿಟ್ಟರೆ ಅದು ರಕ್ತದಲ್ಲಿ ಕಲೆತು ಗಂಟುಗಂಟಾಗಿ ಕಟ್ಟುತ್ತದೆ, ಚರ್ಮಕ್ಕೆ ಹಿಡಿಯದೆ ಮೇಲೆಯೇ ತೇಲಿ, ಮೊದಲ ಎಳೆತಕ್ಕೇ ಎದ್ದುಬರುತ್ತದೆ. ಗಾಯದ ಸುತ್ತ ಎರಡು ಬೆರಳಗಲದ ಚರ್ಮ ಒಣಗಿರಲಿ.

ಈಗ ಒಂದು ಹನಿಯನ್ನು ಹೊಸ ಹತ್ತಿಕಡ್ಡಿಯ ಮೇಲೆ ಬಿಡಿ. ಡ್ರಾಪರಿನ ತುದಿ ಗಾಯಕ್ಕಾಗಲಿ ಬೆರಳಿಗಾಗಲಿ ತಾಗಬಾರದು. ತಾಗಿದರೆ ಇಡೀ ಬಾಟಲಿ ಕೆಡುತ್ತದೆ. ಹೆಬ್ಬೆರಳ ಉಗುರಿನ ಎರಡರಷ್ಟು ಜಾಗಕ್ಕೆ ಒಂದು ಹನಿ ಧಾರಾಳ. ಗಾಯದ ಅಂಚಿನಿಂದ ಶುರುಮಾಡಿ ಒಳಮುಖವಾಗಿ, ತೆಳುವಾಗಿ ಸವರಿ. ನೋವಿಲ್ಲದ ಮೇಲ್ಮೈ ತರಚಾದರೆ ನೊರೆ ಬರುವವರೆಗೆ ಹಗುರಾಗಿ ತಿಕ್ಕಬಹುದು. ತೆರೆದ ಗೀರಾದರೆ ತಿಕ್ಕಬೇಡಿ, ಸವರಿ ಬಿಟ್ಟರೆ ಸಾಕು. ನೊರೆಗಾಗಿ ಹಟ ಹಿಡಿದರೆ ಹೆಪ್ಪು ಕದಡುತ್ತದೆ. ಒಂದೆರಡು ಸೆಕೆಂಡು ಚುರುಕ್ಕೆನ್ನುವುದು ಸಹಜ. ನಿಮಿಷ ಕಳೆದರೂ ಉರಿ ಏರುತ್ತಲೇ ಇದ್ದರೆ ತೊಳೆದುಬಿಡಿ.

ಎರಡು ನಿಮಿಷ ಒಣಗಲಿ. ಅದರ ಮೇಲೆ ಎರಡನೆಯ ತೆಳು ಪದರ, ಬೇಕಿದ್ದರೆ ಮೂರನೆಯದು. ಒಂದೇ ಬಾರಿಗೆ ದಪ್ಪಗೆ ಬಳಿಯುವುದು ಇಲ್ಲಿ ಎಲ್ಲರೂ ಮಾಡುವ ತಪ್ಪು. ದಪ್ಪ ಪದರ ಮೇಲೆ ಒಣಗಿ ಒಳಗೆ ಹಸಿಯಾಗಿಯೇ ಇರುತ್ತದೆ, ಆಮೇಲೆ ಬಿರಿಯುತ್ತದೆ. ಬೆರಳ ಗೆಣ್ಣಿನ ಮೇಲೆ, ಮೊಣಕಾಲಿನ ಮೇಲೆ ಇದು ಚೆನ್ನಾಗಿ ಕಾಣುತ್ತದೆ: ಮಡಚಿದ ಕೂಡಲೇ ಪದರ ನಡುವೆ ಸೀಳಿ, ಸೀಳಿನ ಚೂಪು ಅಂಚು ಎಳೆಯ ಚರ್ಮವನ್ನೇ ಕೀಳುತ್ತದೆ. ಕೀಲಿರುವ ಜಾಗಕ್ಕೆ ಒಂದೇ ತೆಳು ಪದರ ಹಚ್ಚಿ, ಮೇಲೆ ಅಂಟದ ಗಾಜ್ ಪಟ್ಟಿ ಕಟ್ಟಿ. ಅಲುಗಾಡದ ಜಾಗಕ್ಕೆ, ಬಟ್ಟೆ ಉಜ್ಜದಿದ್ದರೆ, ಪಟ್ಟಿಯ ಅಗತ್ಯವಿಲ್ಲ.

ದಿನಕ್ಕೆ ಒಂದೆರಡು ಬಾರಿ ಹಚ್ಚಿದರೆ ಸಾಕು. ಹಳೆಯ ಪದರ ಗಟ್ಟಿಯಾಗಿ ಕೂತಿದ್ದರೆ ಕೀಳದೆ ಅದರ ಮೇಲೇ ಒಂದು ತೆಳು ಸವರು ಕೊಡಿ. ಆದರೆ ದಿನಕ್ಕೊಮ್ಮೆ ಬೆಳಕಲ್ಲಿ ಗಾಯದ ಸುತ್ತಲಿನ ಚರ್ಮವನ್ನು ನೋಡಲೇಬೇಕು. ಪದರ ಒಣಗಿದ ರಕ್ತದ ಬಣ್ಣದ್ದು. ಅದರಡಿ ಕೀವಾಗಿದ್ದರೂ ಹೊರಗಿನಿಂದ ಒಳ್ಳೆಯ ಹಕ್ಕಳೆಯಂತೆ ಕಂಡೀತು. ಬಣ್ಣವನ್ನು ನಂಬದೆ ಬೆರಳನ್ನು ನಂಬಿ. ಸುತ್ತ ಬಿಸಿ ಇದೆಯೇ, ಒತ್ತಿದರೆ ನೋವು ನಿನ್ನೆಗಿಂತ ಹೆಚ್ಚಿದೆಯೇ, ಪದರದ ಅಂಚು ಉಬ್ಬಿ ಅಡಿಯಿಂದ ಹಳದಿ ರಸ ಬರುತ್ತಿದೆಯೇ, ಕೆಂಪು ಹೊರಕ್ಕೆ ಹಬ್ಬುತ್ತಿದೆಯೇ? ಇವುಗಳಲ್ಲಿ ಒಂದಿದ್ದರೂ ಉಗುರುಬೆಚ್ಚಗಿನ ನೀರಿನ ಬಟ್ಟೆಯನ್ನು ಹತ್ತು ನಿಮಿಷ ಮೇಲಿಟ್ಟು, ಪದರ ಮೆತ್ತಗಾದ ಮೇಲೆ ತೆಗೆದು, ವೈದ್ಯರಿಗೆ ತೋರಿಸಿ. ಏನು ಹಚ್ಚಿದ್ದಿರಿ ಎಂದು ಅವರಿಗೆ ಹೇಳಿ. ಇಲ್ಲದಿದ್ದರೆ ಆ ಕಂದು ಬಣ್ಣವನ್ನು ಅವರು ಬೇರೇನೋ ಎಂದುಕೊಳ್ಳುವ ಸಾಧ್ಯತೆ ಇದೆ. ಜ್ವರ ಬಂದರೆ, ಗಾಯದಿಂದ ಮೇಲಕ್ಕೆ ಕೆಂಪು ಗೆರೆ ಹರಿದರೆ ಅಂದೇ ಹೋಗಬೇಕು.

ಎಲ್ಲ ಸರಿಯಿದ್ದರೆ ಕೆಲವು ದಿನಗಳಲ್ಲಿ ಪದರ ತಾನಾಗಿಯೇ ಅಂಚಿನಿಂದ ಸುರುಳಿಯಾಗಿ ಏಳುತ್ತದೆ. ಎದ್ದಷ್ಟನ್ನು ಕತ್ತರಿಯಿಂದ ಕತ್ತರಿಸಿ, ಎಳೆಯಬೇಡಿ.

ಹಚ್ಚಲೇಬಾರದ ಗಾಯಗಳು

ನಾಯಿ, ಬೆಕ್ಕು, ಕೋತಿ, ಬಾವಲಿ, ಯಾವುದೇ ಪ್ರಾಣಿ ಕಚ್ಚಿದ ಅಥವಾ ಪರಚಿದ ಗಾಯ ಈ ಪಟ್ಟಿಯಲ್ಲಿ ಮೊದಲನೆಯದು. ರೇಬೀಸ್ ತಡೆಯಲು ಮೊದಲ ಕೆಲಸ ಸೋಪು ಮತ್ತು ಹರಿಯುವ ನೀರಿನಿಂದ 15 ನಿಮಿಷ ತೊಳೆಯುವುದು, ಎರಡನೆಯದು ತಡಮಾಡದೆ ಲಸಿಕೆಗೆ ಹೋಗುವುದು. ಅಂಥ ಗಾಯವನ್ನು ಮುಚ್ಚುವ ಯಾವ ವಸ್ತುವನ್ನೂ ಹಚ್ಚಬಾರದು. ಈ ಸೊನೆಯಂತೂ ಮುಚ್ಚುವುದರಲ್ಲೇ ಪಳಗಿದ್ದು.

ಮೊಳೆ, ಸೂಜಿ, ಮೀನಿನ ಮುಳ್ಳು ಚುಚ್ಚಿದ ತೂತಿನ ಗಾಯವೂ ಅಷ್ಟೇ. ಮೇಲೆ ಸಾಸಿವೆಯಷ್ಟೇ ಕಂಡರೂ ಒಳಗೆ ಆಳವಾಗಿರುತ್ತದೆ. ಧನುರ್ವಾಯುವಿನ ಬ್ಯಾಕ್ಟೀರಿಯಾ ಗಾಳಿ ಆಡದ ಜಾಗದಲ್ಲೇ ಬೆಳೆಯುವಂಥದ್ದು. ಬಾಯಿ ಮುಚ್ಚಿಬಿಟ್ಟರೆ ಅದಕ್ಕೆ ಬೇಕಾದ ಮನೆಯನ್ನು ನಾವೇ ಕಟ್ಟಿಕೊಟ್ಟಂತೆ. ತೊಳೆದು, ತೆರೆದಿಟ್ಟು, ಧನುರ್ವಾಯು ಚುಚ್ಚುಮದ್ದಿನ ಬಗ್ಗೆ ವೈದ್ಯರನ್ನು ಕೇಳಿ.

ಸುಟ್ಟಗಾಯಕ್ಕೆ ಮೊದಲ ಮದ್ದು ಹರಿಯುವ ತಣ್ಣೀರು, 20 ನಿಮಿಷ. ಚರ್ಮ ಬರೀ ಕೆಂಪಾಗಿದ್ದು ಗುಳ್ಳೆ ಎದ್ದಿರದಿದ್ದರೆ ಆರಿದ ಮೇಲೆ ಸೊನೆ ಹಚ್ಚುವವರಿದ್ದಾರೆ. ನಮ್ಮ ಮಟ್ಟಿಗೆ ಅಲ್ಲೂ ಬೇಡ. ಸುಟ್ಟ ಚರ್ಮ ಮೊದಲೇ ಬಿಗಿದು ನೋಯುತ್ತಿರುತ್ತದೆ, ಮೇಲಿಂದ ಇದರ ಬಿಗಿತ. ಜೊತೆಗೆ ಬಣ್ಣ ಹತ್ತಿಬಿಟ್ಟರೆ ಸುಟ್ಟದ್ದು ಎಷ್ಟು ಆಳ ಎಂದು ಅಳೆಯುವುದು ವೈದ್ಯರಿಗೂ ಕಷ್ಟ. ಗುಳ್ಳೆ ಎದ್ದಿದ್ದರೆ, ಚರ್ಮ ಬಿಳುಪೇರಿದ್ದರೆ ಪ್ರಶ್ನೆಯೇ ಇಲ್ಲ.

ಸಕ್ಕರೆ ಕಾಯಿಲೆಯವರ ಪಾದದ ಹುಣ್ಣು, ಕಾಲಿನ ರಕ್ತನಾಳ ಕೆಟ್ಟು ಆದ ಹುಣ್ಣು, ಹಾಸಿಗೆ ಹುಣ್ಣು, ಹೊಲಿಗೆ ಹಾಕಿದ ಅಥವಾ ಅಂಟು ಹಾಕಿದ ಗಾಯ, ಕೀವು ತುಂಬಿದ ಕುರು, ಕಣ್ಣು, ಕಿವಿಯ ಒಳಭಾಗ, ಜನನಾಂಗದ ಒಳಭಾಗ, ಇವು ಯಾವುದಕ್ಕೂ ಬೇಡ. ಹೆರಿಗೆಗೆ ಮುನ್ನ ಈ ಸೊನೆ ಬೆರೆಸಿದ ನೀರಿನಿಂದ ತೊಳೆಯುವ ರೂಢಿ ಅಮೆಜಾನ್ ಕಡೆ ಇದೆ. ಅದು ಸುರಕ್ಷಿತ ಎನ್ನಲು ಆಧಾರವಿಲ್ಲದ್ದರಿಂದ ಅನುಸರಿಸಬೇಡಿ. ಮಾಯದೆ ತಿಂಗಳುಗಟ್ಟಲೆ ಉಳಿದ ಹುಣ್ಣು, ಬಣ್ಣ ಅಥವಾ ಆಕಾರ ಬದಲಿಸಿದ ಮಚ್ಚೆಯ ಮೇಲೆ ಇದನ್ನು ಹಚ್ಚುತ್ತ ಕಾಲ ಕಳೆಯುವುದು ಎಲ್ಲಕ್ಕಿಂತ ಕೆಟ್ಟದ್ದು. ಚರ್ಮದ ಕ್ಯಾನ್ಸರ್ ಇದ್ದರೆ ಆ ಕಾಲವೇ ಬೆಲೆಯುಳ್ಳದ್ದು.

ಕೀಟ ಕಡಿತಕ್ಕೆ

ಸೊಳ್ಳೆ, ಇರುವೆ, ಜೇನುಹುಳ ಕಡಿದ ಜಾಗಕ್ಕೆ ಒಂದು ಹನಿ ತಿಕ್ಕಿದರೆ ನವೆ, ಉರಿ ಇಳಿಯುತ್ತದೆ. ಅಮೆರಿಕದಲ್ಲಿ ಕೀಟನಿಯಂತ್ರಣದ ಕೆಲಸಗಾರರಿಗೆ ಈ ಸೊನೆಯ ಮುಲಾಮು ಕೊಟ್ಟು ನೋಡಿದ ಒಂದು ಚಿಕ್ಕ ಪ್ರಯೋಗದಲ್ಲಿ ಬರಿಯ ಮುಲಾಮಿಗಿಂತ ಇದರಿಂದಲೇ ಹೆಚ್ಚು ಆರಾಮ ಕಂಡಿತು. ನೋವಿನ ನರಗಳು ಕೆರಳುವುದನ್ನು ಸೊನೆ ತಗ್ಗಿಸುತ್ತದೆ ಎಂಬುದು ಅದಕ್ಕೆ ಕೊಡುವ ವಿವರಣೆ. ಜೇನಿನ ಮುಳ್ಳು ಚರ್ಮದಲ್ಲಿದ್ದರೆ ಮೊದಲು ಅದನ್ನು ತೆಗೆಯಿರಿ. ಕಡಿದ ಮೇಲೆ ತುಟಿ, ನಾಲಿಗೆ ಊದಿದರೆ, ಉಸಿರು ಕಟ್ಟಿದರೆ, ತಲೆ ಸುತ್ತಿದರೆ ಬಾಟಲಿ ಬದಿಗಿಟ್ಟು ಆಸ್ಪತ್ರೆಗೆ ಓಡಬೇಕು. ಹಾವು, ಚೇಳಿನ ವಿಷಕ್ಕೆ ಇದು ಮದ್ದಲ್ಲ.

ಬಾಯಿಹುಣ್ಣಿಗೆ

ಕೆನ್ನೆಯ ಒಳಗೆ, ತುಟಿಯ ಒಳಗೆ ಆಗುವ ಬಿಳಿ ನಡುವಿನ, ಕೆಂಪು ಅಂಚಿನ ಹುಣ್ಣಿಗೆ ಆಲ್ಕೊಹಾಲ್ ಇಲ್ಲದ ಸೊನೆ ಮಾತ್ರ. ಊಟವಾದ ಮೇಲೆ ಬಾಯಿ ಮುಕ್ಕಳಿಸಿ. ತುಟಿಯನ್ನು ಎಳೆದು ಹಿಡಿದು ಹುಣ್ಣನ್ನು ಗಾಜ್ ಬಟ್ಟೆಯಿಂದ ಒತ್ತಿ ಒಣಗಿಸಿ, ಯಾಕೆಂದರೆ ಎಂಜಲಿದ್ದರೆ ಸೊನೆ ಹುಣ್ಣಿಗೆ ಹಿಡಿಯುವ ಬದಲು ಎಂಜಲಿನ ಪ್ರೋಟೀನಿಗೇ ಅಂಟಿ ಎಳೆಎಳೆಯಾಗುತ್ತದೆ. ಹತ್ತಿಕಡ್ಡಿಯಲ್ಲಿ ಅರ್ಧ ಹನಿ ತೆಗೆದು ಮುಟ್ಟಿಸಿ, ಅರ್ಧ ನಿಮಿಷ ತುಟಿಯನ್ನು ಹಾಗೇ ಹಿಡಿದಿರಿ, ಮಿಕ್ಕದ್ದನ್ನು ಉಗುಳಿ. ಅರ್ಧ ಗಂಟೆ ಏನೂ ತಿನ್ನಬೇಡಿ. ದಿನಕ್ಕೆ ಎರಡು ಮೂರು ಬಾರಿ, ಐದಾರು ದಿನ ಸಾಕು. ಹಲ್ಲಿಗೆ ತಾಗಿದರೆ ಕಂದು ಕಲೆ ಹತ್ತುತ್ತದೆ. ಎರಡು ವಾರ ದಾಟಿಯೂ ಮಾಯದ ಬಾಯಿಹುಣ್ಣನ್ನು ವೈದ್ಯರು ಅಥವಾ ದಂತವೈದ್ಯರು ನೋಡಲೇಬೇಕು. ಹಲ್ಲು ಕೀಳಿಸಿದ ಕುಳಿಗೆ, ಕಿತ್ತ ದಂತವೈದ್ಯರೇ ಹೇಳದೆ, ಏನನ್ನೂ ಹಾಕಬೇಡಿ. ಅಲ್ಲಿ ಕಟ್ಟಿದ ಹೆಪ್ಪೇ ಒಳ್ಳೆಯ ಮದ್ದು, ಕಡ್ಡಿ ತಾಗಿದರೆ ಅದು ಕದಲುತ್ತದೆ.

ಹೊಟ್ಟೆಗೆ ತೆಗೆದುಕೊಳ್ಳುವ ಮಾತು

ಇಲ್ಲಿ ನಮ್ಮ ನಿಲುವು ಖಚಿತ: ಬಾಟಲಿಯ ಹಸಿ ಸೊನೆಯನ್ನು ಮನೆಯಲ್ಲಿ ಹೊಟ್ಟೆಗೆ ಕೊಡಬೇಡಿ. ನೀರಿಗೋ ಹಣ್ಣಿನ ರಸಕ್ಕೋ ಹತ್ತು ಹನಿ ಹಾಕಿ ಕುಡಿಯುವ ರೂಢಿ ಅಮೆಜಾನ್ ಸೀಮೆಯಲ್ಲಿದೆ, ಲೇಬಲ್‌ಗಳೂ ಅದನ್ನೇ ಹೇಳುತ್ತವೆ. ಜೊತೆಗೆ, ಈ ಮರದಿಂದಲೇ ಭೇದಿಯ ಮಾತ್ರೆ ಬಂದಿದೆಯಲ್ಲ ಎಂಬ ವಾದವೂ ಇದೆ. ಬಂದಿರುವುದು ನಿಜ. ಆದರೆ ಆ ಮಾತ್ರೆ ಮತ್ತು ಈ ಬಾಟಲಿ ಒಂದಲ್ಲ.

ಮಾತ್ರೆಯ ಹೆಸರು ಕ್ರೋಫೆಲೆಮರ್. ಎಚ್‌ಐವಿಗೆ ಆಂಟಿರೆಟ್ರೊವೈರಲ್, ಅಂದರೆ ಆ ವೈರಸ್ಸನ್ನು ಹತ್ತಿಕ್ಕುವ ಔಷಧ ತೆಗೆದುಕೊಳ್ಳುತ್ತಿರುವ ವಯಸ್ಕರಲ್ಲಿ, ಸೋಂಕಿನಿಂದ ಬಂದದ್ದಲ್ಲದ ಭೇದಿಗೆ ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2012ರ ಡಿಸೆಂಬರ್ 31ರಂದು ಒಪ್ಪಿಗೆ ಕೊಟ್ಟಿತು. ಪ್ರಮಾಣ 125 ಮಿಲಿಗ್ರಾಂ, ದಿನಕ್ಕೆ ಎರಡು ಬಾರಿ, ವೈದ್ಯರ ಚೀಟಿಯ ಮೇಲೆ. ಗಿಡಮೂಲದ ಔಷಧಗಳಿಗೆಂದು ಆ ಸಂಸ್ಥೆ ಇಟ್ಟಿರುವ ದಾರಿಯಲ್ಲಿ ಹಾದುಬಂದ, ಹೊಟ್ಟೆಗೆ ತೆಗೆದುಕೊಳ್ಳುವ ಮೊದಲ ಔಷಧ ಅದು. ಅದರ ಕೆಲಸ ತಿಳಿಯಲು ಹೀಗೆ ಯೋಚಿಸಿ: ಕೆಲವು ಬಗೆಯ ಭೇದಿಯಲ್ಲಿ ಕರುಳಿನ ಗೋಡೆಯ ಕ್ಲೋರೈಡ್ ಬಾಗಿಲುಗಳು ತೆರೆದೇ ಉಳಿಯುತ್ತವೆ. ಕ್ಲೋರೈಡ್ ಕರುಳಿನೊಳಕ್ಕೆ ಸುರಿಯುತ್ತದೆ, ಅದರ ಹಿಂದೆ ಸೋಡಿಯಂ, ಅದರ ಹಿಂದೆ ನೀರು. ಕ್ರೋಫೆಲೆಮರ್ ಅಂಥ ಎರಡು ಬಾಗಿಲುಗಳನ್ನು ತಡೆಯುತ್ತದೆ. ರಕ್ತಕ್ಕೆ ಸೇರುವುದು ತೀರಾ ಕಡಿಮೆ, ಕರುಳಿನಲ್ಲೇ ಕೆಲಸ ಮುಗಿಸುತ್ತದೆ.

ಹೊಟ್ಟೆಯ ಆಮ್ಲಕ್ಕೆ ಅದು ಕೆಡುವುದರಿಂದ ಮಾತ್ರೆಗೆ ಆಮ್ಲ ತಡೆಯುವ ಹೊದಿಕೆ ಇದೆ. ಅದನ್ನು ಪುಡಿ ಮಾಡಬಾರದು, ಅಗಿಯಬಾರದು ಎಂದು ಹೇಳುವುದು ಅದಕ್ಕೇ. ಲೋಟದಲ್ಲಿ ಕಲಸಿ ಕುಡಿದ ಹನಿಗೆ ಆ ಹೊದಿಕೆ ಇಲ್ಲ. ಮಾತ್ರೆಯಲ್ಲಿರುವುದು ಶುದ್ಧಗೊಳಿಸಿದ ಪ್ರೊಆಂಥೊಸಯಾನಿಡಿನ್. ಬಾಟಲಿಯಲ್ಲಿ ಟ್ಯಾಸ್ಪೈನ್ ಸಹಿತ ಎಲ್ಲವೂ ಇದೆ, ಪ್ರಮಾಣ ಮರದಿಂದ ಮರಕ್ಕೆ ಬೇರೆ. ಬ್ಯಾಕ್ಟೀರಿಯಾ ಮತ್ತು ಯೀಸ್ಟ್ ಮೇಲೆ ನಡೆದ ಪರೀಕ್ಷೆಗಳಲ್ಲಿ ಹಸಿ ಸೊನೆ ವಂಶವಾಹಿಯಲ್ಲಿ ಬದಲಾವಣೆ ಮಾಡುವ ಗುಣ ತೋರಿದ್ದೂ ಇದೆ. ಇಲಿಗಳ ಚರ್ಮಕ್ಕೆ ಟ್ಯಾಸ್ಪೈನನ್ನು 17 ತಿಂಗಳು ಹಚ್ಚಿ ನೋಡಿದ ಪೆರುವಿನ ಅಧ್ಯಯನದಲ್ಲಿ ಗಡ್ಡೆ ಕಂಡಿಲ್ಲ ನಿಜ, ಆದರೆ ಅದು ಚರ್ಮದ ಮಾತು. ತಿಂಗಳುಗಟ್ಟಲೆ ಕುಡಿಯುವುದಕ್ಕೆ ಅದನ್ನು ಭರವಸೆಯಾಗಿ ಹಿಡಿಯಲಾಗದು.

ಭೇದಿಯಲ್ಲಿ ಜೀವ ತೆಗೆಯುವುದು ನೀರು ಮತ್ತು ಉಪ್ಪಿನ ನಷ್ಟ. ಆದ್ದರಿಂದ ಮೊದಲು ಕೊಡಬೇಕಾದದ್ದು ಓಆರ್‌ಎಸ್. ಪೊಟ್ಟಣ ಸಿಗದಿದ್ದರೆ ಒಂದು ಲೀಟರ್ ಶುದ್ಧ ನೀರಿಗೆ ಮಟ್ಟಸವಾದ ಆರು ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು. ಮಲದಲ್ಲಿ ರಕ್ತ, ಜ್ವರ, ಮೂತ್ರ ನಿಂತುಹೋಗುವುದು, ಮಂಪರು, ಇವಿದ್ದರೆ ಆಸ್ಪತ್ರೆ. ಸೋಂಕಿನ ಭೇದಿಗೆ ಕಾರಣ ಹುಡುಕಿ ಮದ್ದು ಕೊಡಬೇಕು. ಕ್ರೋಫೆಲೆಮರ್ ಕೊಡುವ ಮುನ್ನವೂ ಸೋಂಕಿಲ್ಲ ಎಂದು ಖಾತ್ರಿ ಮಾಡಿಕೊಳ್ಳಬೇಕೆಂಬ ನಿಯಮವಿದೆ.

ಯಾರಾದರೂ ಈಗಾಗಲೇ ಹನಿ ಕುಡಿಯುತ್ತಿದ್ದರೆ ಅವರಿಗೆ ಎರಡು ಮಾತು. ಟ್ಯಾನಿನ್ ಕಬ್ಬಿಣದ ಮಾತ್ರೆಯನ್ನೂ ಇತರ ಔಷಧಗಳನ್ನೂ ಕರುಳಿನಲ್ಲೇ ಹಿಡಿದುಹಾಕಬಲ್ಲದು, ನಡುವೆ ಕನಿಷ್ಠ ಎರಡು ಗಂಟೆ ಅಂತರವಿರಲಿ. ಕುಡಿದ ಮೇಲೆ ವಾಂತಿಯಾದರೆ ಅದರ ಕೆಂಪನ್ನು ಸೊನೆಯದೇ ಎಂದು ತಳ್ಳಿಹಾಕಬೇಡಿ, ರಕ್ತವೂ ಇರಬಹುದು, ತೋರಿಸಿ. ಬಸುರಿಯರು, ಹಾಲೂಡಿಸುವ ತಾಯಂದಿರು, ಮಕ್ಕಳು ಬಾಯಿಗೆ ಇದನ್ನು ತಗೊಳ್ಳಲೇಬಾರದು.

ಇಡುವುದು, ಕೆಟ್ಟದ್ದನ್ನು ಗುರುತಿಸುವುದು

ಗಾಳಿ, ಬೆಳಕು, ಬಿಸಿ ಮೂರೂ ಪಾಲಿಫಿನಾಲ್‌ಗೆ ಶತ್ರು. ಕಂದು ಗಾಜಿನ ಬಾಟಲಿಯಲ್ಲಿ, ಬಿಗಿ ಮುಚ್ಚಳ ಹಾಕಿ, ತಂಪಾದ ಕತ್ತಲೆ ಜಾಗದಲ್ಲಿಡಿ. ತೆರೆದ ಮೇಲೆ ಫ್ರಿಜ್ ಒಳ್ಳೆಯದು. ದೊಡ್ಡ ಬಾಟಲಿ ಅರ್ಧ ಖಾಲಿಯಾದರೆ ಮಿಕ್ಕದ್ದನ್ನು ಕುದಿಸಿ ಒಣಗಿಸಿದ ಚಿಕ್ಕ ಬಾಟಲಿಗೆ ಬಗ್ಗಿಸಿ. ಒಳಗೆ ಗಾಳಿ ಕಡಿಮೆಯಾದಷ್ಟು ಬಾಳಿಕೆ ಹೆಚ್ಚು. ಮಕ್ಕಳಿಗೆ ಎಟುಕದಂತಿರಲಿ, ಕೆಂಪು ಶರಬತ್ತಿನಂತೆ ಕಾಣುತ್ತದೆ.

ಪ್ರತಿ ಸಲ ಬಾಟಲಿಯ ಕಂಠವನ್ನು ಒದ್ದೆ ಗಾಜ್ ಬಟ್ಟೆಯಿಂದ ಒರೆಸಿ ಮುಚ್ಚಿ. ಒರೆಸದಿದ್ದರೆ ಕಂಠದಲ್ಲಿ ಒಣಗಿದ ಸೊನೆ ಮುಚ್ಚಳವನ್ನು ಅಂಟಿನಂತೆ ಹಿಡಿದುಬಿಡುತ್ತದೆ, ಬಲವಂತದಿಂದ ತಿರುಗಿಸಿದಾಗ ಗಾಜು ಸೀಳುವುದೂ ಉಂಟು. ಹಾಗೆ ಹಿಡಿದುಕೊಂಡಿದ್ದರೆ ಮುಚ್ಚಳದ ಭಾಗವನ್ನಷ್ಟೇ ಬೆಚ್ಚಗಿನ ನೀರಲ್ಲಿ ತಲೆಕೆಳಗಾಗಿ ಐದು ನಿಮಿಷ ಇಟ್ಟು ತಿರುಗಿಸಿ.

ತಳದಲ್ಲಿ ಕೊಂಚ ಗಸಿ ಕೂರುವುದು ಸಹಜ, ಅಲುಗಿಸಿದರೆ ಬೆರೆಯುತ್ತದೆ. ಲೋಳೆಯಂತೆ ಗಟ್ಟಿಯಾಗಿದ್ದರೆ, ಮುಚ್ಚಳ ತೆರೆದಾಗ ಗಾಳಿ ಚಿಮ್ಮಿದರೆ, ಹುಳಿ ವಾಸನೆ ಇದ್ದರೆ, ಮೇಲೆ ಬೂಷ್ಟು ಕಂಡರೆ ಚೆಲ್ಲಿಬಿಡಿ. ಸೋಸಿ ಬಳಸುವ ಯೋಚನೆ ಬೇಡ. ಬಟ್ಟೆಯ ಮೇಲೆ ಬಿದ್ದರೆ ಒಣಗುವ ಮೊದಲೇ ತಣ್ಣೀರಲ್ಲಿ ಹಿಡಿಯಿರಿ. ಒಣಗಿದ ಮೇಲೆ ಆ ಕಂದು ಕಲೆ ಹೋಗುವುದು ಕಷ್ಟ, ಹಾಗಾಗಿ ರಾತ್ರಿ ಹಚ್ಚಿಕೊಂಡವರು ದಿಂಬಿಗೆ ಹಳೆಯ ಬಟ್ಟೆ ಹಾಕಿ ಮಲಗುವುದು ಮೇಲು.